ಕೋಳಿಯ ಜಠರವೂ ಕಲ್ಲುಚೂರಿನ ಆವಶ್ಯಕತೆಯೂ

ಕೋಳಿಗೆ ಹಲ್ಲಿಲ್ಲವೆಂಬುದು ಎಲ್ಲರೂ ಬಲ್ಲ ವಿಷಯ. ಆದರೂ ಅದು ರಾಗಿ, ಜೋಳ, ಭತ್ತ ಮೊದಲಾದ ಗಟ್ಟಿಕಾಳುಗಳನ್ನು ಇಡಿಯಾಗಿ ನುಂಗಿ ಜೀರ್ಣಿಸಿಕೊಳ್ಳುವುದು. ಇದು ಹೇಗೆ ನಡೆಯುವುದೆಂಬುದನ್ನು ತಿಳಿದುಕೊಂಡಲ್ಲಿ, ಕೋಳಿಗಳನ್ನು ಕೂಡಿಹಾಕಿ ಸಾಕುವ ರೈತರು ತಮಗೆ ಒದಗುವ ಒಂದು ನಷ್ಟವನ್ನು ಸುಲಭವಾಗಿ ತಪ್ಪಿಸಿಕೊಳ್ಳಬಹುದು.

ಕಾಳಿನ ಚೀಲ.— ನುಂಗಿದ ಕಾಳು ಮೊದಲು ಕುತ್ತಿಗೆಯ ಬುಡದಲ್ಲಿರುವ ತೆಳುವಾದ ಚೀಲವನ್ನು ಸೇರುವುದು. ಇದು ಕೋಳಿಯ ಉಗ್ರಾಣ. ಇಲ್ಲಿ ಕಾಳು ನೆನೆದು ಮೆದುವಾಗಿ, ಸ್ವಲ್ಪಸ್ವಲ್ಪವಾಗಿ ಕೆಳಕ್ಕೆ ಇಳಿಯುವುದು.

ರಸಜಠರ.— ಇದು ನೀಳವಾದ ಸಣ್ಣ ಅಂಗ. ಇದರ ಒಳಗೋಡೆಯ ಗ್ರಂಥಿಗಳು ಆಮ್ಲವನ್ನೂ, ಸಸಾರಜನಕವನ್ನು ಒಡೆಯುವ ಪೆಪ್ಸಿನ್ ಎಂಬ ರಸವನ್ನೂ ಸ್ರವಿಸುವುವು. ಕಾಳು ಇಲ್ಲಿ ಹೆಚ್ಚು ಹೊತ್ತು ನಿಲ್ಲದೆ, ರಸದೊಡನೆ ಕೂಡಿ ಮುಂದಕ್ಕೆ ಸಾಗುವುದು.

ಅರೆಯುವ ಜಠರ.— ಹಕ್ಕಿಯ ಬೀಸುವ ಕಲ್ಲೆಂದರೆ ಇದೇ. ದಪ್ಪನಾದ ಮಾಂಸಖಂಡಗಳಿಂದ ಕೂಡಿದ ಈ ಅಂಗವು ನಿಮಿಷಕ್ಕೆ ಸುಮಾರು 2-3 ಸಲ ಬಲವಾಗಿ ಸಂಕುಚಿಸುವುದು. ಅಡಿಗೆಗೆಂದು ಕೋಳಿಯನ್ನು ಕೊಯ್ದಾಗ ಸುಲಿದು ಬಿಸಾಡುವ ಒರಟಾದ ಹಳದಿ ಪೊರೆಯೇ ಇದರ ಒಳಮೈ. ಈ ಪೊರೆಯು ಜಠರದ ಗೋಡೆಯನ್ನು ಆಮ್ಲದಿಂದಲೂ ಉಜ್ಜಾಟದಿಂದಲೂ ಕಾಪಾಡುವುದು. ಅದರೊಳಗೆ ಸಿಕ್ಕುವ ಮರಳು ಕಲ್ಲುಗಳೇ ಹಲ್ಲಿನ ಕೆಲಸವನ್ನು ಮಾಡತಕ್ಕವು.

ಫ್ರಾನ್ಸ್ ದೇಶದ ರೆಯೋಮ್ಯೂರ್ ಎಂಬ ವಿದ್ವಾಂಸನು 1752ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಇಲ್ಲಿ ಸ್ಮರಣೀಯವಾಗಿವೆ. ಬೇಟೆಹಕ್ಕಿಯೊಂದು ನುಂಗಿದ ಲೋಹದ ಕೊಳವೆಯೊಳಗಿನ ಮಾಂಸವು, ಅರೆಯಲ್ಪಡದಿದ್ದರೂ, ರಸದಿಂದಲೇ ಕರಗತೊಡಗಿತು. ಕಾಳು ತಿನ್ನುವ ಹಕ್ಕಿಗಳ ಜಠರದಲ್ಲಾದರೋ ಕೊಳವೆಗಳೇ ಜಜ್ಜಿಹೋದುವು. ರಸದ ಬಲ, ಅರೆಯುವ ಬಲ ಎರಡೂ ಉಂಟೆಂದು ಇದರಿಂದ ತಿಳಿದುಬಂದಿತು.

ಕೂಡಿಹಾಕಿದ ಕೋಳಿಯ ತೊಂದರೆ.— ಬಯಲಿನಲ್ಲಿ ಮೇಯುವ ಕೋಳಿಯು ತನಗೆ ಬೇಕಾದ ಕಲ್ಲನ್ನು ತಾನೇ ಹೆಕ್ಕಿಕೊಳ್ಳುವುದು. ಕೂಡಿಹಾಕಿದ ಕೋಳಿಗೆ ಆ ಅನುಕೂಲವಿಲ್ಲ. ಕಲ್ಲಿಲ್ಲದೆ ಇಡಿಕಾಳನ್ನೂ ನಾರಿನ ಸೊಪ್ಪನ್ನೂ ತಿಂದಲ್ಲಿ, ಅವು ಚೆನ್ನಾಗಿ ನುರಿಯದೆ ಮೇವಿನ ಸಾರವು ವ್ಯರ್ಥವಾಗಬಹುದು. ನುಣ್ಣನೆಯ ಹಿಟ್ಟನ್ನೇ ತಿನ್ನುವ ಕೋಳಿಗೆ ಕಲ್ಲು ಅಷ್ಟಾಗಿ ಬೇಡ. ಆದರೆ ಕೆಲಸವಿಲ್ಲದ ಈ ಜಠರವು ಸಣ್ಣದಾಗುವುದು.

ಕಪ್ಪೆಚಿಪ್ಪನ್ನು ಹಾಕಿದರೆ ಕಲ್ಲು ಬೇಡವೆಂದು ಕೆಲವರು ಭಾವಿಸುವರು. ಇದು ಸರಿಯಲ್ಲ. ಚಿಪ್ಪು ಸುಣ್ಣದ ವಸ್ತುವಾದುದರಿಂದ ಜಠರದ ಆಮ್ಲದಲ್ಲಿ ಕರಗಿಹೋಗುವುದು. ಅದು ಮೊಟ್ಟೆಯ ಓಡು ಗಟ್ಟಿಯಾಗಲು ಬೇಕು. ಅರೆಯುವುದಕ್ಕೆ ಕರಗದ ಕಲ್ಲೇ ಬೇಕು.

ರೈತರು ಅನುಸರಿಸತಕ್ಕ ಕ್ರಮ.—

1. ಬೆಣಚುಕಲ್ಲನ್ನಾಗಲಿ ಕಗ್ಗಲ್ಲನ್ನಾಗಲಿ ಕುಟ್ಟಿ, ಜರಡಿ ಹಿಡಿದು, ಮರಿಗಳಿಗೆ ರಾಗಿಯ ಗಾತ್ರದ, ದೊಡ್ಡ ಕೋಳಿಗಳಿಗೆ ಜೋಳದ ಗಾತ್ರದ ಚೂರುಗಳನ್ನು ಕೊಡಬೇಕು. ಗಾಜಿನ ಚೂರು ಕೂಡದು.

2. ಕಲ್ಲನ್ನೂ ಚಿಪ್ಪನ್ನೂ ಬೇರೆಬೇರೆ ಮಡಕೆಗಳಲ್ಲಿಡಬೇಕು. ಕೋಳಿಯು ತನಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುವುದು.

3. ಹುಲ್ಲನ್ನು ಸಣ್ಣಗೆ ಕೊಚ್ಚಿ ಹಾಕಬೇಕು. ಉದ್ದವಾದ ಹುಲ್ಲೂ ದಾರವೂ ಕಾಳಿನ ಚೀಲದಲ್ಲಿ ಗಂಟಾಗಿ ದಾರಿಯನ್ನು ಕಟ್ಟುವುವು.

4. ಮೊಳೆ, ತಂತಿಯ ತುಂಡುಗಳು ಅಂಗಳದಲ್ಲಿ ಬಿದ್ದಿರಬಾರದು. ಅರೆಯುವ ಜಠರವು ಬಲವಾಗಿ ಒತ್ತಿದಾಗ ಅವು ಅದರ ಗೋಡೆಯನ್ನೇ ತೂರಿಬಿಡಬಹುದು.

5. ಬೆಳಗ್ಗೆ ಮೇವು ಹಾಕುವುದಕ್ಕೆ ಮುಂಚೆ ಕಾಳಿನ ಚೀಲವನ್ನು ಮುಟ್ಟಿ ನೋಡಬೇಕು. ಆ ಹೊತ್ತಿಗೆ ಅದು ಬರಿದಾಗಿರಬೇಕು. ಇನ್ನೂ ಗಟ್ಟಿಯಾಗಿ ಉಬ್ಬಿದ್ದಲ್ಲಿ ಕಾಳು ಹಾಕುವುದನ್ನು ನಿಲ್ಲಿಸಿ, ನೀರಿಟ್ಟು, ತಡಮಾಡದೆ ಪಶುವೈದ್ಯರಿಗೆ ತೋರಿಸತಕ್ಕದ್ದು.