ವಿವಿಟಿ ಇಂಜಿನ್: ಸಾಲ ಮಾಡಿ ಕಾರು ಕೊಳ್ಳುವ ಮುಂಚೆ



ಬ್ಲಫ್‌ನ ಸಂಘದ ಸಭೆಯಲ್ಲಿ ಒಬ್ಬ ಅಕ್ಕ ಕೇಳಿದ್ರು: "ಸಿಸ್ಟರ್, ನನ್ ಮಗ ಹಳೇ ಕಾರು ತಗೊಂಡು ಗಗನಚುಕ್ಕಿ, ಭರಚುಕ್ಕಿಗೆ ಬರೋರಿಗೆ ಬಾಡಿಗೆ ಓಡಿಸ್ತೀನಿ ಅಂತಾನೆ. ಸಂಘದಿಂದ ಸಾಲ ಬೇಕು. ಕಾರಿನಲ್ಲಿ ವಿವಿಟಿ ಐತೆ, ಮೈಲೇಜ್ ಜಾಸ್ತಿ ಅಂತ ಮಾರೋನು ಹೇಳ್ತಾನೆ. ಏನದು?" ಸಭೆಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ, ನನಗೂ ಅರ್ಧಂಬರ್ಧ. ಸಾಲ ಕೊಡೋದು ನಮ್ಮೆಲ್ಲರ ಉಳಿತಾಯದ ಹಣ. ಆದ್ದರಿಂದ ಕೇಳಿ ತಿಳಿದುಕೊಂಡು ಈ ಪಾಠ ಬರೆಯುತ್ತಿದ್ದೇನೆ.

ಇಂಜಿನ್ನಿನ ಸಿಲಿಂಡರ್ ಅಂದ್ರೆ ಒಂದು ಪುಟ್ಟ ಕೋಣೆ ಅಂದುಕೊಳ್ಳಿ. ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರಲು ಒಂದು ಬಾಗಿಲು, ಸುಟ್ಟ ಹೊಗೆ ಹೊರಗೆ ಹೋಗಲು ಇನ್ನೊಂದು. ಈ ಬಾಗಿಲುಗಳೇ ವಾಲ್ವ್. ಉಬ್ಬುಗಳಿರುವ ಒಂದು ಉದ್ದನೆಯ ಕಂಬಿ ತಿರುಗುತ್ತಾ ಇವನ್ನು ಒತ್ತಿ ತೆರೆಯುತ್ತದೆ. ಅದಕ್ಕೆ ಕ್ಯಾಮ್‌ಶಾಫ್ಟ್ ಎನ್ನುತ್ತಾರೆ. ಇಂಜಿನ್ ಎರಡು ಸುತ್ತು ತಿರುಗಿದರೆ ಪ್ರತಿ ವಾಲ್ವ್ ಒಂದು ಸಲ ತೆರೆಯುತ್ತೆ. ನಿಮಿಷಕ್ಕೆ 3000 ಸುತ್ತು ಓಡುವಾಗ ಒಂದು ಸೆಕೆಂಡಿನಲ್ಲಿ 25 ಸಲ! ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟು ಕೆಲಸ ನೋಡಿ.

ಬ್ಲಫ್‌ನವರಿಗೆ ಒಂದು ವಿಷಯ ಗೊತ್ತೇ ಇದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಲು ಶುರು ಮಾಡಿದ ನಮ್ಮ ಪವರ್ ಹೌಸಿನಲ್ಲಿ, ಬೇಡಿಕೆಗೆ ತಕ್ಕಂತೆ ಟರ್ಬೈನಿಗೆ ಬಿಡುವ ನೀರು ಹೆಚ್ಚು ಕಡಿಮೆ ಆಗುತ್ತೆ. ಕಾರಿನ ಆಕ್ಸಿಲರೇಟರ್ ಮಾಡೋದೂ ಇದನ್ನೇ: ಗಾಳಿ ಎಷ್ಟು ಬೇಕು ಅನ್ನೋ ಲೆಕ್ಕ. ವಿವಿಟಿ ಬೇರೆ. ಅದು ಬಾಗಿಲನ್ನು ಯಾವಾಗ ತೆಗೆದು ಯಾವಾಗ ಮುಚ್ಚಬೇಕು ಅನ್ನೋ ಲೆಕ್ಕ.

ಗದ್ದೆಗೆ ನೀರು ಕಟ್ಟುವವರಿಗೆ ಇದು ಬೇಗ ಅರ್ಥವಾಗುತ್ತೆ. ಮೇಲೆ ತೂಬು ಮುಚ್ಚಿದ ಮೇಲೂ ಕಾಲುವೆಯಲ್ಲಿರುವ ನೀರು ಸ್ವಲ್ಪ ಹೊತ್ತು ಹರಿದೇ ಹರಿಯುತ್ತೆ ಅಲ್ವಾ? ಗಾಳಿಯೂ ಹಾಗೇ. ಕಾರು ಜೋರಾಗಿ ಓಡುವಾಗ ನುಗ್ಗಿ ಬರುವ ಗಾಳಿ, ಪಿಸ್ಟನ್ ಮೇಲಕ್ಕೆ ಬರಲು ಶುರು ಮಾಡಿದರೂ ಒಳಗೆ ತುಂಬುತ್ತಲೇ ಇರುತ್ತೆ. ಆಗ ಬಾಗಿಲು ಸ್ವಲ್ಪ ತಡವಾಗಿ ಮುಚ್ಚಿದರೆ ಲಾಭ. ಆದರೆ ಏರಿನಲ್ಲಿ ನಿಧಾನವಾಗಿ ಎಳೆಯುವಾಗ ಗಾಳಿಗೆ ಆ ರಭಸ ಇಲ್ಲ. ತಡ ಮಾಡಿದರೆ ಬಂದ ಗಾಳಿಯನ್ನು ಪಿಸ್ಟನ್ ವಾಪಸ್ ದಬ್ಬಿಬಿಡುತ್ತೆ. ಆಗ ಬೇಗ ಮುಚ್ಚಬೇಕು. ಇನ್ನು ಗಾಡಿ ನಿಂತು ಇಂಜಿನ್ ಸುಮ್ಮನೆ ಓಡುವಾಗ ಎರಡು ಬಾಗಿಲೂ ಒಟ್ಟಿಗೆ ತೆರೆದಿದ್ದರೆ ಹೊಗೆ ಒಳಗೇ ತಿರುಗಿ ಇಂಜಿನ್ ನಡುಗುತ್ತೆ. ಹಳೇ ಇಂಜಿನ್ನಿನಲ್ಲಿ ಎಲ್ಲದಕ್ಕೂ ಒಂದೇ ವೇಳೆ, ರಾಜಿ ಮಾಡಿಕೊಂಡ ಹಾಗೆ. ವಿವಿಟಿಯಲ್ಲಿ ವೇಳೆ ಬದಲಾಗುತ್ತೆ. ಪೆಟ್ರೋಲ್ ಉಳಿಯೋದು ಇದರಿಂದಲೇ.

ಬದಲಾಯಿಸೋದು ಯಾರು? ಇಂಜಿನ್ ಆಯಿಲ್! ಕ್ಯಾಮ್‌ಶಾಫ್ಟಿನ ತುದಿಯ ಚಕ್ರದೊಳಗೆ ಸಣ್ಣ ಸಣ್ಣ ಕೋಣೆಗಳಿವೆ. ಕಂಪ್ಯೂಟರ್ ಹೇಳಿದಂತೆ ಒಂದು ಪುಟ್ಟ ಕರೆಂಟು ವಾಲ್ವ್ ಆಯಿಲನ್ನು ಈ ಕಡೆಗೋ ಆ ಕಡೆಗೋ ಒತ್ತಡದಿಂದ ಬಿಡುತ್ತೆ. ಆಗ ಕ್ಯಾಮ್‌ಶಾಫ್ಟ್ ಸ್ವಲ್ಪ ಮುಂದಕ್ಕೆ ಅಥವಾ ಹಿಂದಕ್ಕೆ ಸರಿಯುತ್ತೆ. ಅಷ್ಟೇ.

ಜಪಾನಿನ ಹೋಂಡಾ 1989ರಲ್ಲಿ ಇನ್ನೊಂದು ವಿಧಾನ ತಂದಿತು. ಅದರಲ್ಲಿ ವೇಗ ಹೆಚ್ಚಾದಾಗ ಬೇರೆ ಉಬ್ಬೇ ಕೆಲಸಕ್ಕೆ ಬರುತ್ತೆ. ನೀವು ಬೆಂಗಳೂರಿಗೆ ಹೋಗುವಾಗ ಸಿಗುವ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ 2003ರಿಂದ ತಯಾರಾದ ಕೊರೊಲಾದಲ್ಲಿ ವಿವಿಟಿ ಇತ್ತು. 2011ರ ಹೊಸ ಸ್ವಿಫ್ಟ್ ಪೆಟ್ರೋಲ್ ಕಾರಿನ 1.2 ಲೀಟರ್ ಇಂಜಿನ್ನಿಗೂ ಬಂತು. ಹಾಗಾಗಿ ಈಗ ಸೆಕೆಂಡ್ ಹ್ಯಾಂಡ್ ಬರುವ ಚಿಕ್ಕ ಕಾರುಗಳಲ್ಲಿ ಇದು ದೊಡ್ಡ ವಿಶೇಷವೇನಲ್ಲ. ಇದಕ್ಕಂತ ಹೆಚ್ಚು ರೇಟು ಕೊಡಬೇಕಾಗಿಲ್ಲ.

ಎಚ್ಚರಿಕೆ ಬೇಕಾದದ್ದು ಇಲ್ಲಿ. ಆಯಿಲ್ ಬದಲಾಯಿಸದೇ ಬಿಟ್ಟರೆ ಆಲೆಮನೆ ಕೊಪ್ಪರಿಗೆಯ ತಳ ಹಿಡಿದ ಪಾಕದಂತೆ ಕಪ್ಪಗೆ ಗಟ್ಟಿಯಾಗುತ್ತೆ. ಸಣ್ಣ ದಾರಿಗಳು, ಜಾಲರಿ ಎಲ್ಲ ಕಟ್ಟಿಕೊಳ್ಳುತ್ತವೆ. ಕಳೆದ ವರ್ಷ ನಮ್ಮ ಕಚೇರಿಯ ಕಾರಿಗೂ ಹೀಗಾಯ್ತು. ಕೆಲಸದ ಒತ್ತಡ ಅಂತ ನಾವೇ ಸರ್ವೀಸ್ ಮುಂದೂಡಿದ್ದೆವು. ಎಳೆತ ಕಡಿಮೆ, ಪೆಟ್ರೋಲ್ ಜಾಸ್ತಿ, ಹಳದಿ ದೀಪ. ಆಯಿಲ್‌ಗೆ ಉಳಿಸಿದ ದುಡ್ಡಿನ ಹಲವು ಪಟ್ಟು ರಿಪೇರಿಗೆ ಹೋಯ್ತು.

ಆದ್ದರಿಂದ ಸಾಲದ ಅರ್ಜಿ ಜೊತೆ ಸರ್ವೀಸ್ ಪುಸ್ತಕ ಅಥವಾ ಬಿಲ್ಲು ಕೇಳಿ. ಆಯಿಲ್ ಎಷ್ಟು ಕಿಲೋಮೀಟರಿಗೆ, ಯಾವ ನಂಬರಿನದು ಅಂತ ಕಂಪನಿ ಪುಸ್ತಕದಲ್ಲಿ ಇರುತ್ತೆ. ಅದರಂತೆ ಹಾಕಿದ್ದಾರಾ ನೋಡಿ. ಬೀಗದ ಕೈ ತಿರುಗಿಸಿದಾಗ ಇಂಜಿನ್ ಚಿತ್ರದ ಹಳದಿ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಮೊದಲಿಗೇ ಹತ್ತದಿದ್ದರೆ ಯಾರೋ ದೀಪ ಕಿತ್ತಿರಬಹುದು! ಮುಖ್ಯವಾಗಿ, ತಣ್ಣಗಿರುವ ಇಂಜಿನ್ ನಿಮ್ಮ ಎದುರೇ ಸ್ಟಾರ್ಟ್ ಮಾಡಿಸಿ. ಕಟಕಟ ಸದ್ದು ಬಂದರೆ ನಿಮಗೆ ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸದೆ ಮುಂಗಡ ಕೊಡಬೇಡಿ. ಬಿಸಿ ಇಂಜಿನ್ನಿನಲ್ಲಿ ಆ ಸದ್ದು ಕೇಳದೇ ಹೋಗಬಹುದು.

ಆ ಅಕ್ಕ ಮಗನ ಜೊತೆ ತಾವೇ ಕಾರು ನೋಡಲು ಹೋದರಂತೆ. ಮೊದಲು ಬಾನೆಟ್ ಮೇಲೆ ಕೈ ಇಟ್ಟರು. ಬಿಸಿಯಾಗಿತ್ತು. "ನಾಳೆ ಬೆಳಿಗ್ಗೆ ಬತ್ತೀವಿ, ಅಲ್ಲೀವರ್ಗೂ ಸ್ಟಾರ್ಟ್ ಮಾಡ್ಬೇಡಿ" ಅಂತ ಹೇಳಿ ವಾಪಸ್ ಬಂದರು. ಸಾಲದ ಅರ್ಜಿ ಇನ್ನೂ ನಮ್ಮ ಸಂಘದ ಫೈಲಿನಲ್ಲೇ ಇದೆ.