ಸೆಕೆನಾಡಿನ ಕೌದಿಗೆ ತೆಳುವಾದ ಒಳಪದರ

ರಾಯಚೂರು, ಕಲಬುರಗಿಗಳಂತಹ ಉಷ್ಣಪ್ರದೇಶಗಳಲ್ಲಿ ಕೌದಿ ಹೊಲಿಯಲು ಉದ್ಯುಕ್ತರಾದವರು, ದಪ್ಪನಾಗಿ ಹತ್ತಿ ತುಂಬಿದ ಹೊದಿಕೆಯೇ ಶ್ರೇಷ್ಠವೆಂಬ ಭ್ರಮೆಯನ್ನು ತೊರೆಯುವುದು ಲೇಸು. ನಮ್ಮ ಹಿರಿಯ ಹೆಣ್ಣುಮಕ್ಕಳು ಮೇಲುಬಟ್ಟೆಗೂ ಅಡಿಬಟ್ಟೆಗೂ ನಡುವೆ ಹಳೆಯ ನೂಲಿನ ಸೀರೆ, ಧೋತರಗಳನ್ನು ಹಾಸುತ್ತಿದ್ದುದಕ್ಕೆ ಮಿತವ್ಯಯವೊಂದೇ ಕಾರಣವಲ್ಲ. ಒಗೆದೊಗೆದು ಮೃದುವಾದ ಆ ವಸ್ತ್ರವು ಬೆವರನ್ನು ಹೀರಿ, ಗಾಳಿಯಾಡಗೊಟ್ಟು, ನೀರಿಗೆ ಬಿದ್ದಾಗ ಹಿಂಜಿದ ಹತ್ತಿಯಂತೆ ಗಂಟುಗಟ್ಟದೆ, ಬೇಗನೆ ಒಣಗುವುದು. ಒಳಪದರಕ್ಕೆ ಬಳಸುವ ಪಾಲಿಯೆಸ್ಟರ್ ಹಾಳೆಯು ಹಗುರವಾದರೂ ಬೆವರನ್ನು ಹೀರಲಾರದಾದುದರಿಂದ ಸೆಕೆಯ ರಾತ್ರಿಗಳಿಗೆ ಅನುಚಿತ. ಆದುದರಿಂದ ಒಂದೇ ಪದರವಾಗಿ ಹಾಸಲು ಹಳೆಯ ನೂಲಿನ ಸೀರೆಯನ್ನು ಬೆಳಕಿಗೆ ಹಿಡಿದು, ಜೀರ್ಣವಾದ ಭಾಗಗಳನ್ನು ಕತ್ತರಿಸಿ ತೆಗೆದು, ಹೊಸ ಮೇಲುಬಟ್ಟೆಯನ್ನು ಮೊದಲೇ ಒಗೆದು ಕುಗ್ಗಿಸಿಕೊಂಡು, ಅಂಚಿನಿಂದ ಒಳಮುಖವಾಗಿ ಬೆರಳಗಲದ ಅಂತರದಲ್ಲಿ ಸಾಲುಹೊಲಿಗೆ ಹಾಕಿರಿ. ಪದರ ಹೆಚ್ಚಿಸುವ ಆಸೆ ಬೇಡ. ಮಾಗಿಯ ಚಳಿಗೆ ಎರಡು ಕೌದಿ ಹೊದೆಯಬಹುದು, ಬೇಸಗೆಯಲ್ಲಿ ದಪ್ಪ ಕೌದಿಯನ್ನು ತೆಳುಮಾಡಲಾಗದು.