ಒಂದೇ ರೇಟು, ಎರಡು ಮಹಡಿ

ನಾಯಂಡಹಳ್ಳಿಯ ನಮ್ಮ ಮನೆಯಲ್ಲಿ ಕೆಳಗೆ ನಾವು, ಮೇಲೆ ಅಣ್ಣ-ಅತ್ತಿಗೆ. 2020ರ ಜೂನ್‌ನಲ್ಲಿ ಇನ್ಫೊಸಿಸ್ ಷೇರು 700 ರೂಪಾಯಿ ಆಸುಪಾಸಿನಲ್ಲಿದ್ದಾಗ ನಾನೂ ಅತ್ತಿಗೆಯೂ ಒಂದೇ ದಿನ ತಲಾ 55 ಕೊಂಡೆವು. ನನ್ನದು ಸಂಬಳದ ದುಡ್ಡು, ಅವರದು ರವಿಕೆ ಹೊಲಿದು ಕೂಡಿಟ್ಟದ್ದು. ಆಮೇಲೆ ಐದು ವರ್ಷ ಇಬ್ಬರೂ ಅದರ ತಂಟೆಗೆ ಹೋಗಲಿಲ್ಲ.

2025ರ ನವೆಂಬರ್‌ನಲ್ಲಿ ಕಂಪನಿ ತನ್ನ ಷೇರನ್ನು ತಾನೇ ಮರಳಿ ಕೊಳ್ಳುವ 18,000 ಕೋಟಿ ರೂಪಾಯಿಯ ಬೈಬ್ಯಾಕ್‌ಗೆ ಇಳಿಯಿತು. ತಲಾ 1,800 ರೂಪಾಯಿಯಂತೆ 10 ಕೋಟಿ ಷೇರು. ಪೇಟೆಯಲ್ಲಿ ಆಗ ದರ 1,500ರ ಹತ್ತಿರ. ಅಣ್ಣ ಮೆಟ್ಟಿಲ ಮೇಲಿಂದಲೇ ಕೂಗಿದ: "ಲೋ, ಕೊಟ್ಬಿಡೋ! 2017ರಲ್ಲಿ ನಾನು 1,150ಕ್ಕೆ ಕೊಟ್ಟಿರ್ಲಿಲ್ವಾ? ಒಂದು ಪೈಸೆ ಟ್ಯಾಕ್ಸ್ ಕಟ್ಟಲಿಲ್ಲ."

ನಿಜವೇ. ಆದರೆ ಕಾನೂನು ಅಲ್ಲೇ ನಿಂತಿರಲಿಲ್ಲ. 2024ರ ಅಕ್ಟೋಬರ್ 1ರಿಂದ ಬೈಬ್ಯಾಕ್‌ನಲ್ಲಿ ಕೈಸೇರುವ ಅಷ್ಟೂ ಹಣ, ಅಸಲೂ ಸೇರಿ, ಡಿವಿಡೆಂಡ್ ಲೆಕ್ಕಕ್ಕೆ ಬಿತ್ತು. ತೆರಿಗೆ ಅವರವರ ಸ್ಲ್ಯಾಬ್ ಪ್ರಕಾರ. ಕೊಂಡ ಬೆಲೆಯನ್ನು ಬಂಡವಾಳ ನಷ್ಟವೆಂದು ತೋರಿಸಿ, ಎಂಟು ವರ್ಷದೊಳಗೆ ಬೇರೆ ಷೇರಿನ ಲಾಭದಲ್ಲಿ ಕಳೆದುಕೊಳ್ಳಬಹುದು. ಅಂಥ ಲಾಭ ಇದ್ದರೆ! ನನ್ನ ಬ್ರೋಕರ್ ಆ್ಯಪ್‌ನಲ್ಲಿ 1,800 ಎಂಬುದು ದಪ್ಪಕ್ಷರದಲ್ಲಿತ್ತು, ಈ ತೆರಿಗೆ ಸಂಗತಿಗೆ ಕನ್ನಡಕ ಬೇಕಾಯಿತು.

ವೃಷಭಾವತಿ ನದಿಯ ನಾತ ಬರದ ಹಾಗೆ ಕಿಟಕಿ ಮುಚ್ಚಿ, ಅತ್ತಿಗೆಯ ಹೊಲಿಗೆ ಮಷಿನ್ ಹಲಗೆಯ ಮೇಲೇ ಲೆಕ್ಕಕ್ಕೆ ಕೂತೆವು. ರೆಕಾರ್ಡ್ ಡೇಟ್ ನವೆಂಬರ್ 14. ಆ ದಿನ 2 ಲಕ್ಷ ರೂಪಾಯಿವರೆಗಿನ ಷೇರು ಇದ್ದವರು ಸೆಬಿ ಲೆಕ್ಕದಲ್ಲಿ ಸಣ್ಣ ಷೇರುದಾರರು. ಅವರಿಗೆ ಬೈಬ್ಯಾಕ್‌ನ ಶೇ 15 ಮೀಸಲು. ಈ ಸಲ ಅವರ ಪ್ರತಿ 11 ಷೇರಿಗೆ 2 ತೆಗೆದುಕೊಳ್ಳುವ ಅನುಪಾತ. ಉಳಿದವರಿಗೆ 706ಕ್ಕೆ 17. ಅಂದರೆ 121 ಷೇರು ಇದ್ದವನಿಗೆ 22ರ ಅವಕಾಶ, 150 ಇದ್ದವನಿಗೆ ನಾಲ್ಕೂ ದಾಟದು. ಬಡವರಾಗಿರುವುದೇ ಲಾಭವಾಗುವ ಜಾಗ ಷೇರುಪೇಟೆಯಲ್ಲಿ ಇನ್ನೆಲ್ಲಿದೆಯೋ ಕಾಣೆ.

ನಮ್ಮ ಪಾಲಿಗೆ ತಲಾ 10 ಷೇರು, 18,000 ರೂಪಾಯಿ. ನಾನು ಶೇ 30ರ ಸ್ಲ್ಯಾಬ್‌ನವನು. ಸೆಸ್ ಸೇರಿ 5,616 ತೆರಿಗೆಗೆ ಹೋಗಿ 12,384 ಉಳಿಯುತ್ತದೆ, ಷೇರಿಗೆ 1,238. ಅದೇ ಹತ್ತನ್ನು ಪೇಟೆಯಲ್ಲಿ 1,500ಕ್ಕೆ ಮಾರಿದರೆ 15,000. ದೀರ್ಘಾವಧಿ ಲಾಭ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲದ್ದರಿಂದ ಅಷ್ಟೂ ನನ್ನದೇ. ಹೆಚ್ಚು ಬೆಲೆ ಕೊಡುತ್ತೇನೆ ಎಂದವರಿಗೆ ಮಾರಿ ಕಡಿಮೆ ಎಣಿಸಿಕೊಳ್ಳುವುದು ಎಂದರೆ ಇದು.

ಅತ್ತಿಗೆಗೆ ಹೊಲಿಗೆ ಬಿಟ್ಟರೆ ಬೇರೆ ಆದಾಯವಿಲ್ಲ, ತೆರಿಗೆ ಸೊನ್ನೆ. ಅವರಿಗೆ 1,800 ಅಂದರೆ ಪೂರ್ತಿ 1,800. (ಅಣ್ಣನ ದುಡ್ಡಲ್ಲಿ ಕೊಂಡಿದ್ದರೆ ಆ ಆದಾಯ ಅಣ್ಣನ ಲೆಕ್ಕಕ್ಕೆ ಸೇರಿ ಕಥೆ ಬೇರೆಯಾಗುತ್ತಿತ್ತು.) ಮೈಸೂರು ರಸ್ತೆಯ ಮೇಲೆ ಮೆಟ್ರೊ ಗುಡುಗಿಕೊಂಡು ಹೋಗುವಾಗ ಅವರು ಒಟಿಪಿಯನ್ನು ಒಂದೊಂದೇ ಅಂಕಿ ಓದಿ ಒತ್ತಿದರು. "ನೀನ್ಯಾಕೋ ಕೊಡಲ್ಲ?" ಎಂದರು. "ನನಗೆ ನಷ್ಟ ಅತ್ತಿಗೆ," ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಪ್ರವರ್ತಕರಾದ ನಾರಾಯಣ ಮೂರ್ತಿ, ನಂದನ್ ನಿಲೇಕಣಿ ಕಡೆಯವರೂ ಈ ಸಲ ಷೇರು ಕೊಡಲಿಲ್ಲ. ಸುಮಾರು ಶೇ 2.4ರಷ್ಟು ಷೇರು ರದ್ದಾದ್ದರಿಂದ ಉಳಿದವರ ಪಾಲು ಅಷ್ಟರಮಟ್ಟಿಗೆ ಹಿಗ್ಗಿತು. ಕಂಪನಿಯ ಗಲ್ಲಾದಿಂದ 18,000 ಕೋಟಿ ಹೊರಗೆ ಹೋದದ್ದೂ ಅಷ್ಟೇ ನಿಜ, ಆದ್ದರಿಂದ ನಾನೇನೂ ಕುಣಿಯಲಿಲ್ಲ. 2026ರ ಬಜೆಟ್‌ನಲ್ಲಿ ಬೈಬ್ಯಾಕ್ ಹಣವನ್ನು ಮತ್ತೆ ಬಂಡವಾಳ ಲಾಭದ ಕಡೆಗೆ ತಿರುಗಿಸುವ ಪ್ರಸ್ತಾಪ ಬಂತು. ಮುಂದಿನ ಬೈಬ್ಯಾಕ್ ಹೊತ್ತಿಗೆ ನನ್ನ ಲೆಕ್ಕವನ್ನೂ ಹೊಸದಾಗಿ ಹಾಕಬೇಕು.

ಅತ್ತಿಗೆಯ ಖಾತೆಗೆ ಬಂದದ್ದು 16,200. ಶೇ 10 ಟಿಡಿಎಸ್ ಹಿಡಿದಿದ್ದರು. ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ ಎಂದೆ. ಅವರು ಗೋಡೆಯ ಕ್ಯಾಲೆಂಡರ್ ತೆಗೆದು, ಹಾಲಿನ ಲೆಕ್ಕದ ಕೆಳಗೆ ಬರೆದರು: "ಸರ್ಕಾರದಿಂದ ಬರಬೇಕು 1,800."